ಅಂತರಜಾಲದ ಬಾಲ್ಯಕಾಲ: ಯಾವ ಮಾತನ್ನು ನಂಬಬೇಕು?



ವಿಜಯಪುರದ ಸಮೀಪದ ಇಟ್ಟಂಗಿಹಾಳದಿಂದ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ನಮಗೆ ಪತ್ರ ಬರೆದಿದ್ದಾಳೆ. ಅಂತರಜಾಲವು ಹುಟ್ಟಿ ಬೆಳೆದ ಬಗೆಯನ್ನು ಕುರಿತು ಪ್ರಬಂಧವೊಂದನ್ನು ಬರೆಯುವಂತೆ ಅವಳ ಕಾಲೇಜಿನಲ್ಲಿ ಸೂಚಿಸಿದ್ದಾರಂತೆ. ಪುಸ್ತಕ ದೊರೆಯದೆ ಆಕೆ ಅಂತರಜಾಲದಲ್ಲಿಯೇ ಹುಡುಕಿದಳು. ಒಂದು ತಾಣದಲ್ಲಿ ಅಂತರಜಾಲವು 1969ರಲ್ಲಿ ಹುಟ್ಟಿತೆಂದಿದೆ, ಇನ್ನೊಂದರಲ್ಲಿ 1983 ಎಂದಿದೆ, ಮತ್ತೊಂದರಲ್ಲಿ 1991 ಎಂದಿದೆ. ನಮ್ಮ ದೇಶಕ್ಕೆ ಅದು 1986ರಲ್ಲಿ ಬಂದಿತೆಂದು ಒಬ್ಬರು ಬರೆದರೆ, 1995ರಲ್ಲಿ ಎಂದು ಬೇರೊಬ್ಬರು ಬರೆದಿದ್ದಾರೆ. ಇವುಗಳಲ್ಲಿ ಯಾವುದನ್ನು ನಂಬಬೇಕು, ಯಾವ ತಾಣವನ್ನು ಆಶ್ರಯಿಸಬೇಕು ಎಂಬುದು ಅವಳ ಪ್ರಶ್ನೆ.

ನಾವು ಗಣಕಯಂತ್ರದ ಪಂಡಿತರಲ್ಲ. ಆದರೆ ಈ ಪ್ರಶ್ನೆಯು ಸಾಕ್ಷ್ಯವನ್ನು ತೂಗಿ ನೋಡುವುದಕ್ಕೆ ಸಂಬಂಧಿಸಿದುದರಿಂದ, ಓಲೆಗರಿಗಳ ಸಹವಾಸದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನಮಗೆ ಅದು ತೀರ ಅಪರಿಚಿತವೂ ಅಲ್ಲ. ಇಂದು ಮನೆಮನೆಯಲ್ಲಿಯೂ ಮಕ್ಕಳು ಇದೇ ರೀತಿ ಹುಡುಕಿ ಓದುತ್ತಿರುವುದರಿಂದ, ಉತ್ತರವನ್ನು ಆಕೆಯೊಬ್ಬಳಿಗೆ ಬರೆಯದೆ ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಇಸವಿಗಳ ಗೊಂದಲ

ಮೊದಲಿಗೆ ಈ ಇಸವಿಗಳನ್ನು ಬಿಡಿಸಿ ನೋಡೋಣ. ಅಮೆರಿಕದ ರಕ್ಷಣಾ ಇಲಾಖೆಯ ಅರ್ಪಾ ಎಂಬ ಸಂಶೋಧನ ಸಂಸ್ಥೆಯು ಹಣ ಒದಗಿಸಿ ಕಟ್ಟಿಸಿದ ಗಣಕಗಳ ಜಾಲಕ್ಕೆ ಅರ್ಪಾನೆಟ್ ಎಂದು ಹೆಸರು. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲಿಸ್ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಗೆ ಅದರ ಮೊದಲ ಸಂದೇಶ ಹೋಯಿತು. 'ಲಾಗಿನ್' ಎಂಬ ಪದವನ್ನು ಕಳುಹಿಸಲು ಹೊರಟಿದ್ದರು. 'ಎಲ್' ಮತ್ತು 'ಓ' ಎಂಬ ಎರಡೇ ಅಕ್ಷರಗಳು ತಲುಪುವಷ್ಟರಲ್ಲಿ ಆಚೆಯ ಯಂತ್ರ ನಿಂತುಹೋಯಿತು. ಆ ವರ್ಷದ ಕೊನೆಗೆ ಜಾಲದಲ್ಲಿ ಇದ್ದುದು ನಾಲ್ಕೇ ನೆಲೆಗಳು. ಮುಂದೆ ಬೇರೆ ಬೇರೆ ಜಾಲಗಳು ಪರಸ್ಪರ ಕೂಡಿಕೊಳ್ಳಲು ಅನುವು ಮಾಡಿಕೊಡುವ ಟಿ.ಸಿ.ಪಿ.-ಐ.ಪಿ. ಎಂಬ ನಿಯಮಾವಳಿಯನ್ನು ಅರ್ಪಾನೆಟ್ 1983ರ ಜನವರಿ 1ರಂದು ಅಂಗೀಕರಿಸಿತು. ಇಂದು ನಾವು ಪುಟಗಳನ್ನು ತೆರೆದು ಓದುವ 'ವೆಬ್' ಎಂಬ ವ್ಯವಸ್ಥೆಯನ್ನು ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಪ್ರಸ್ತಾಪಿಸಿದರು. ಅದು ಹೊರಜಗತ್ತಿಗೆ ತೆರೆದದ್ದು 1991ರಲ್ಲಿ.

ನಮ್ಮ ದೇಶದ ಮಾತೂ ಹೀಗೆಯೇ. ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನ ಜಾಲವನ್ನು ಆರಂಭಿಸಿತು. ಅದರಲ್ಲಿ ಪಾಲ್ಗೊಂಡ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಅದು ವಿದ್ವಾಂಸರಿಗೆ ಮೀಸಲಾದ ಜಾಲವಾಗಿತ್ತು. ಹಣ ಕೊಟ್ಟು ಸಂಪರ್ಕ ಪಡೆಯುವ ಅವಕಾಶ ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. ವಿದೇಶ ಸಂಚಾರ ನಿಗಮವು ಮುಂಬಯಿ, ದೆಹಲಿ, ಕಲಕತ್ತಾ, ಮದ್ರಾಸ್ ಮೊದಲಾದ ಮಹಾನಗರಗಳಲ್ಲಿ ಆ ಸೇವೆಯನ್ನು ತೆರೆಯಿತು. ಖಾಸಗಿ ಕಂಪನಿಗಳಿಗೆ ಈ ಕ್ಷೇತ್ರ ತೆರೆದದ್ದು 1998ರಲ್ಲಿ.

ಹೀಗೆ ನೋಡಿದಾಗ ಆ ವಿದ್ಯಾರ್ಥಿನಿ ಕಂಡ ಐದೂ ಇಸವಿಗಳು ನಿಜವೇ. ಜಾಲ ಯಾವಾಗ ಹುಟ್ಟಿತು, ಜಾಲಗಳು ಯಾವಾಗ ಕೂಡಿದವು, ಪುಟಗಳು ಯಾವಾಗ ಬಂದವು, ವಿದ್ವಾಂಸರಿಗೆ ಯಾವಾಗ ದೊರೆಯಿತು, ಜನಸಾಮಾನ್ಯರಿಗೆ ಯಾವಾಗ ದೊರೆಯಿತು ಎಂಬ ಐದು ಪ್ರಶ್ನೆಗಳಿಗೆ ಅವು ಐದು ಉತ್ತರಗಳು. ಆದುದರಿಂದ ಎರಡು ತಾಣಗಳು ಬೇರೆ ಬೇರೆ ಹೇಳಿದೊಡನೆ ಒಂದು ಸುಳ್ಳೆಂದು ತೀರ್ಮಾನಿಸಬಾರದು. ಅವು ಒಂದೇ ಸಂಗತಿಯನ್ನು ಹೇಳುತ್ತಿವೆಯೇ ಎಂಬುದನ್ನು ಮೊದಲು ವಿಚಾರಿಸಬೇಕು.

ಓಲೆಗರಿ ಕಲಿಸುವ ಪಾಠ

ಇಟ್ಟಂಗಿಹಾಳದ ಮಗುವಿಗೆ ಈ ವಿದ್ಯೆಯ ಗುರುಗಳನ್ನು ದೂರ ಹುಡುಕಬೇಕಾದುದಿಲ್ಲ. ವಿಜಯಪುರವನ್ನೇ ಕರ್ಮಭೂಮಿಯನ್ನಾಗಿ ಮಾಡಿಕೊಂಡ ಡಾ. ಫ.ಗು. ಹಳಕಟ್ಟಿಯವರು (1880-1964) ವಕೀಲಿಯ ಜೊತೆಗೆ ಊರೂರು ತಿರುಗಿ ಓಲೆಪ್ರತಿಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಓಲೆಯೊಂದು ಕೈಗೆ ಬಂದಾಗ ಸಂಪಾದಕನಾದವನು ಕೇಳುವ ಪ್ರಶ್ನೆಗಳು ನಾಲ್ಕು. ಇದನ್ನು ಬರೆದವರು ಯಾರು? ಯಾವಾಗ ಬರೆದರು? ಕಣ್ಣಾರೆ ಕಂಡು ಬರೆದರೇ, ಬೇರೊಂದು ಪ್ರತಿಯಿಂದ ಇಳಿಸಿದರೇ? ಮತ್ತೊಂದು ಕಟ್ಟಿನಲ್ಲಿರುವ ಪಾಠವು ಇದಕ್ಕೆ ಹೊಂದುತ್ತದೆಯೇ?

ಹತ್ತು ಪ್ರತಿಗಳಲ್ಲಿ ಒಂದೇ ಪಾಠವಿದ್ದ ಮಾತ್ರಕ್ಕೆ ಅದು ಶುದ್ಧವೆನ್ನಲಾಗದು. ಹತ್ತೂ ಒಂದೇ ತಪ್ಪು ಪ್ರತಿಯಿಂದ ಇಳಿದಿರಬಹುದು. ಮಠದ ಪಾಠಶಾಲೆಯಲ್ಲಿ ನಮ್ಮ ಗುರುಗಳು ಇದನ್ನು ಮೇಲಿಂದ ಮೇಲೆ ಹೇಳುತ್ತಿದ್ದರು. ಅಂತರಜಾಲಕ್ಕೆ ಈ ಎಚ್ಚರಿಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಏಕೆಂದರೆ ಅಲ್ಲಿ ಪ್ರತಿ ಮಾಡುವುದಕ್ಕೆ ಕಂಠವೂ ಬೇಡ, ಕೈಯ ಶ್ರಮವೂ ಬೇಡ.

ಮೂಲ ದಾಖಲೆಗಳು

ಅಂತರಜಾಲದ ಬಾಲ್ಯವನ್ನು ತಿಳಿಸುವ ತಾಣಗಳಲ್ಲಿ ಮೊದಲ ಮಣೆ ಸಲ್ಲಬೇಕಾದುದು ಆ ಕಾಲದಲ್ಲಿಯೇ ಹುಟ್ಟಿದ ಕಾಗದಪತ್ರಗಳಿಗೆ. ಅವುಗಳಲ್ಲಿ ಮುಖ್ಯವಾದವು ಆರ್.ಎಫ್.ಸಿ. ಎಂಬ ಹೆಸರಿನ ಟಿಪ್ಪಣಿಗಳು. 'ನಿಮ್ಮ ಅಭಿಪ್ರಾಯವನ್ನು ಬೇಡುತ್ತೇವೆ' ಎಂಬುದು ಆ ಹೆಸರಿನ ಭಾವ. ಮೊದಲ ಟಿಪ್ಪಣಿಯನ್ನು 1969ರ ಏಪ್ರಿಲ್ ತಿಂಗಳಲ್ಲಿ ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿ ಬರೆದರು. ತಮಗಿಂತ ಹಿರಿಯರು ಇದನ್ನು ಅಧಿಕಪ್ರಸಂಗವೆಂದು ಭಾವಿಸಬಾರದೆಂಬ ಸಂಕೋಚದಿಂದ ಇಟ್ಟ ಹೆಸರು ಮುಂದೆ ಜಗತ್ತಿನ ಜಾಲಕ್ಕೆಲ್ಲ ನಿಯಮಗಳನ್ನು ಸಾರುವ ಮಾಲಿಕೆಯ ಹೆಸರಾಗಿ ಉಳಿಯಿತು. ಈ ಟಿಪ್ಪಣಿಗಳಿಗೆ ಕ್ರಮಾಂಕವಿದೆ, ತಿಂಗಳು-ವರ್ಷವಿದೆ, ಬರೆದವರ ಹೆಸರಿದೆ. ಒಮ್ಮೆ ಪ್ರಕಟವಾದುದನ್ನು ತಿದ್ದುವಂತಿಲ್ಲ, ತಿದ್ದಬೇಕೆನಿಸಿದರೆ ಹೊಸ ಕ್ರಮಾಂಕದ ಟಿಪ್ಪಣಿಯನ್ನೇ ಹೊರಡಿಸಬೇಕು. ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಬಹುಪಾಲು ಕಠಿಣವಾದರೂ ಮೊದಲ ಕೆಲವನ್ನು ಪದವಿ ವಿದ್ಯಾರ್ಥಿಗಳು ಗುರುಗಳ ನೆರವಿನಿಂದ ಓದಬಲ್ಲರು.

ಸರ್ನ್ ಸಂಶೋಧನಾಲಯವು ವೆಬ್ಬಿನ ಮೂಲ ತಂತ್ರವನ್ನು 1993ರ ಏಪ್ರಿಲ್ 30ರಂದು ಸಾರ್ವಜನಿಕರಿಗೆ ಮುಕ್ತವಾಗಿ ಬಿಟ್ಟುಕೊಟ್ಟಿತು. ಅದಕ್ಕೆ 20 ವರ್ಷ ತುಂಬಿದಾಗ, 2013ರಲ್ಲಿ, ಜಗತ್ತಿನ ಮೊದಲ ಜಾಲತಾಣವನ್ನು ಅದರ ಹಳೆಯ ವಿಳಾಸದಲ್ಲಿಯೇ ಮತ್ತೆ ನಿಲ್ಲಿಸಿತು. ಅದನ್ನು ತೆರೆದರೆ ಚಿತ್ರವಿಲ್ಲ, ಬಣ್ಣವಿಲ್ಲ. ಬರಿಯ ಬರಹ, ಅಲ್ಲಲ್ಲಿ ಮುಂದಿನ ಪುಟಕ್ಕೆ ಕರೆದೊಯ್ಯುವ ಕೊಂಡಿಗಳು. ಆದರೆ ಅಲ್ಲಿ ಇರಿಸಿರುವ ಪ್ರತಿ 1992ರದು. ಆರಂಭದ ದಿನಗಳಲ್ಲಿ ಅದೇ ಪುಟವನ್ನು ಅಳಿಸಿ ಅಳಿಸಿ ಬರೆಯುತ್ತಿದ್ದುದರಿಂದ ಮೊಟ್ಟಮೊದಲ ರೂಪ ಅಲ್ಲಿ ಉಳಿಯಲಿಲ್ಲ. ಜಗತ್ತಿನ ಮೊದಲ ಪುಟದ ಗತಿಯೇ ಹೀಗಾದರೆ ಉಳಿದವುಗಳ ಪಾಡನ್ನು ಊಹಿಸಬಹುದು.

ಕಟ್ಟಿದವರ ನೆನಪುಗಳು, ಕೇಳಿದವರ ಕಥೆಗಳು

ಎರಡನೆಯ ಮಣೆ ಕೆಲಸದಲ್ಲಿ ಭಾಗಿಗಳಾದವರು ಅನಂತರ ಬರೆದ ಚರಿತ್ರೆಗೆ. ವಿಂಟ್ ಸರ್ಫ್, ರಾಬರ್ಟ್ ಕಾನ್, ಲಿಯನಾರ್ಡ್ ಕ್ಲೈನ್‌ರಾಕ್ ಮೊದಲಾದವರು ಕೂಡಿ 1997ರಲ್ಲಿ ಬರೆದ ಅಂತರಜಾಲದ ಸಂಕ್ಷಿಪ್ತ ಇತಿಹಾಸವು ಇಂಟರ್ನೆಟ್ ಸೊಸೈಟಿಯ ತಾಣದಲ್ಲಿದೆ. ಒಂದು ಪ್ರಬಂಧಕ್ಕೆ ಬೇಕಾದ ತಳಹದಿ ಅದೊಂದರಲ್ಲಿಯೇ ದೊರೆಯುತ್ತದೆ. ಮಾಡಿದವರೇ ಹೇಳುವಾಗ ತಮ್ಮ ಪಾಲು ಹಿರಿದಾಗಿ ಕಾಣುವುದು ಮನುಷ್ಯ ಸಹಜವಾದುದರಿಂದ, ಅದನ್ನು ಹೊರಗಿನ ಇತಿಹಾಸಕಾರರ ಬರವಣಿಗೆಯೊಂದಿಗೆ ಹೋಲಿಸಿ ಓದುವುದು ಒಳಿತು.

ಇದರ ಪ್ರಯೋಜನಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ಅಣುಬಾಂಬಿನ ದಾಳಿಯಾದರೂ ನಾಶವಾಗದ ಸಂಪರ್ಕ ಬೇಕೆಂದು ಅಮೆರಿಕದ ಸೈನ್ಯವು ಅರ್ಪಾನೆಟ್ಟನ್ನು ಕಟ್ಟಿಸಿತು ಎಂಬ ಮಾತು ನೂರಾರು ಕಡೆ ಅಚ್ಚಾಗಿದೆ. ಮೇಲೆ ಹೇಳಿದ ಇತಿಹಾಸವು ಇದನ್ನು ಸ್ಪಷ್ಟವಾಗಿ ಅಲ್ಲಗಳೆಯುತ್ತದೆ. ಅಂತಹ ವಿಚಾರವನ್ನು ಮಾಡಿದವರು ರ್‍ಯಾಂಡ್ ಎಂಬ ಬೇರೊಂದು ಸಂಸ್ಥೆಯ ಪಾಲ್ ಬ್ಯಾರನ್. ಅರ್ಪಾನೆಟ್ಟಿನ ಉದ್ದೇಶವಾದರೋ ದುಬಾರಿ ಗಣಕಗಳನ್ನು ದೂರದೂರದ ಸಂಶೋಧಕರು ಹಂಚಿಕೊಂಡು ಬಳಸುವುದಾಗಿತ್ತು. ಎರಡು ಸಂಗತಿಗಳು ಬೆರೆತು ಒಂದು ರೋಚಕ ಕಥೆ ಹುಟ್ಟಿತು. ಒಬ್ಬರನ್ನು ನೋಡಿ ಒಬ್ಬರು ಇಳಿಸಿಕೊಂಡರು. ಹತ್ತು ಪ್ರತಿಗಳ ಮಾತು ನಾವು ಹೇಳಿದ್ದು ಇದಕ್ಕಾಗಿಯೇ.

ವಿಕಿಪೀಡಿಯ ವಿಶ್ವಕೋಶವನ್ನು ಮಕ್ಕಳು ಮೊದಲು ತೆರೆಯುತ್ತಾರೆ. ಕನ್ನಡದಲ್ಲಿಯೂ ಅದು 2003ರಿಂದ ಇದೆ. ಅದನ್ನು ದಾರಿ ತೋರುವ ಕೈಮರವೆಂದು ತಿಳಿಯಬೇಕು. ಅಲ್ಲಿಗೇ ಪ್ರಯಾಣ ಮುಗಿಯಬಾರದು. ಪ್ರತಿ ಪುಟದ ಕೆಳಗಿನ ಅಡಿಟಿಪ್ಪಣಿಗಳನ್ನು ಹಿಡಿದು ಮೂಲಕ್ಕೆ ಹೋಗಬೇಕು. ಪುಟದ 'ಇತಿಹಾಸ'ವನ್ನು ತೆರೆದರೆ ಯಾವ ಮಾತು ಎಂದು ಸೇರಿತು, ಎಂದು ಬದಲಾಯಿತು ಎಂಬುದೂ ತಿಳಿಯುತ್ತದೆ. ಇತ್ತೀಚೆಗೆ ಪ್ರಶ್ನೆ ಕೇಳಿದೊಡನೆ ಯಂತ್ರವೇ ಉತ್ತರವನ್ನು ರಚಿಸಿಕೊಡುವ ಸೌಲಭ್ಯ ಬಂದಿದೆ. ಅದರ ಭಾಷೆ ನಯವಾಗಿದ್ದರೂ ಯಾವ ಓಲೆಯಿಂದ ಇಳಿಸಿತೆಂದು ಅನೇಕ ವೇಳೆ ಹೇಳುವುದಿಲ್ಲ. ಅಂತಹ ಉತ್ತರವನ್ನು ದಾರಿಹೋಕನೊಬ್ಬ ಹೇಳಿದ ಸುದ್ದಿಯಂತೆ ಕೇಳಿಕೊಂಡು, ವಿಚಾರಿಸಿ ನೋಡಿದ ಮೇಲೆಯೇ ಬರೆಯಬೇಕು.

ಹಳೆಯ ಪುಟಗಳ ಭಂಡಾರ

ಅಳಿದುಹೋದ ಪುಟಗಳನ್ನು ಕಾಣಬೇಕೆಂಬವರಿಗೆ ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರವಿದೆ. ಬ್ರೂಸ್ಟರ್ ಕೇಲ್ ಎಂಬವರು 1996ರಲ್ಲಿ ಇದನ್ನು ಸ್ಥಾಪಿಸಿದರು. 'ವೇಬ್ಯಾಕ್ ಮಷೀನ್' ಎಂಬ ಹೆಸರಿನಲ್ಲಿ 2001ರಲ್ಲಿ ಅದರ ಪುಟಸಂಗ್ರಹ ಸಾರ್ವಜನಿಕರಿಗೆ ತೆರೆಯಿತು. ತಾಣವೊಂದರ ವಿಳಾಸವನ್ನು ಕೊಟ್ಟರೆ, ಯಾವ ಯಾವ ದಿನ ಅದರ ಪ್ರತಿ ತೆಗೆಯಲಾಗಿದೆಯೆಂದು ಪಂಚಾಂಗದಂತೆ ತೋರಿಸುತ್ತದೆ. ದಿನವನ್ನು ಆರಿಸಿದರೆ ಅಂದಿನ ಪುಟ ತೆರೆಯುತ್ತದೆ.

ಬಳಸುವವರು ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು. ಅಲ್ಲಿ ಕಾಣುವ ದಿನಾಂಕ ಪ್ರತಿ ತೆಗೆದ ದಿನಾಂಕ. ಪುಟ ಬರೆದದ್ದು ಅದಕ್ಕಿಂತ ಬಹಳ ಹಿಂದೆ ಇರಬಹುದು. 1996ಕ್ಕಿಂತ ಹಿಂದಿನ ಪುಟಗಳನ್ನು ಅದರ ಯಂತ್ರಗಳು ಕಂಡಿಲ್ಲ. ಮತ್ತು ಒಂದು ಪುಟ ಅಲ್ಲಿ ದೊರೆಯಲಿಲ್ಲವೆಂದ ಮಾತ್ರಕ್ಕೆ ಅದು ಇರಲೇ ಇಲ್ಲವೆನ್ನುವಂತಿಲ್ಲ. ಈ ಭಂಡಾರವೂ ಅಪಾಯದಿಂದ ಹೊರತಲ್ಲ. 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಗೆ ತುತ್ತಾಗಿ ಕೆಲವು ದಿನ ಬಾಗಿಲು ಮುಚ್ಚಿತ್ತು.

ಹುಡುಕುವವರಿಗೆ ನಮ್ಮ ಭಾಗದ ಒಂದು ಸೂಚನೆಯೂ ಉಂಟು. ನಮ್ಮ ನಗರದ ಹೆಸರು ಅಧಿಕೃತವಾಗಿ ವಿಜಯಪುರವೆಂದಾದುದು 2014ರ ನವೆಂಬರ್ 1ರಂದು. ಹಳೆಯ ಪುಟಗಳು ಬೇಕಾದರೆ ಬಿಜಾಪುರವೆಂದೇ ಹುಡುಕಬೇಕು. ಸಂಸ್ಥೆಗಳ ಹೆಸರೂ ಬದಲಾಗುತ್ತದೆ. ದೇಶಕ್ಕೆ ಅಂತರಜಾಲವನ್ನು ತೆರೆದ ವಿದೇಶ ಸಂಚಾರ ನಿಗಮವು 2002ರಲ್ಲಿ ಟಾಟಾ ಸಮೂಹದ ವಶವಾಗಿ, 2008ರಲ್ಲಿ ಟಾಟಾ ಕಮ್ಯುನಿಕೇಶನ್ಸ್ ಎಂಬ ಹೆಸರು ತಳೆಯಿತು. 1995ರ ಸಂಗತಿಗಳಿಗೆ ಆ ವರ್ಷದ ದಿನಪತ್ರಿಕೆಗಳ ಕಟ್ಟುಗಳೇ ಗಟ್ಟಿ ಸಾಕ್ಷಿ. ಅಂತರಜಾಲದ ಚರಿತ್ರೆಗಾಗಿ ಗ್ರಂಥಾಲಯದ ಧೂಳು ಕೊಡಹುವುದರಲ್ಲಿ ವಿಚಿತ್ರವೇನೂ ಇಲ್ಲ.

ಕನ್ನಡದ ಪುಟಗಳ ಪಾಡು

ಈಗ ನಮ್ಮ ಮನಸ್ಸಿಗೆ ಹೆಚ್ಚು ತಾಗುವ ವಿಷಯಕ್ಕೆ ಬರುತ್ತೇವೆ. ಅಂತರಜಾಲದಲ್ಲಿ ಕನ್ನಡದ ಬಾಲ್ಯ ಹೇಗಿತ್ತು? ಮೊದಲ ದಿನಗಳಲ್ಲಿ ಪರದೇಶದ ಕನ್ನಡಿಗರು ಯೂಸ್‌ನೆಟ್ ಎಂಬ ಚರ್ಚಾಕೂಟಗಳಲ್ಲಿ ಕನ್ನಡದ ಮಾತನ್ನು ರೋಮನ್ ಅಕ್ಷರಗಳಲ್ಲಿಯೇ ಬರೆದುಕೊಳ್ಳುತ್ತಿದ್ದರು. ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಗಳಾಗಿದ್ದ ಡಾ. ಯು.ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ 'ವಿಶ್ವಕನ್ನಡ'ವನ್ನು ಕನ್ನಡದ ಮೊದಲ ಅಂತರಜಾಲ ಪತ್ರಿಕೆಯೆಂದು ಹೇಳುತ್ತಾರೆ. ಗಣಕದಲ್ಲಿ ಕನ್ನಡ ಮೂಡಲು ದುಡಿದವರಲ್ಲಿ ಕೆ.ಪಿ. ರಾವ್ ಅವರ ಹೆಸರು ದೊಡ್ಡದು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನೇ ಕರ್ನಾಟಕ ಸರಕಾರ ಮಾನ್ಯ ಮಾಡಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಿತು. ಇವರೆಲ್ಲರ ಶ್ರಮವಿಲ್ಲದಿದ್ದರೆ ಇಂದು ನಮ್ಮ ಮೊಮ್ಮಕ್ಕಳು ಕೈಯೊಳಗಿನ ಫೋನಿನಲ್ಲಿ ಕನ್ನಡ ಬರೆಯುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

ಆದರೆ ಆ ಕಾಲದ ಪುಟಗಳನ್ನು ಇಂದು ಓದುವುದು ಸುಲಭವಲ್ಲ. ಕಾರಣವನ್ನು ತಿಳಿಯಾಗಿ ಹೇಳುತ್ತೇವೆ. ಗಣಕವು ಪ್ರತಿ ಅಕ್ಷರವನ್ನು ಒಂದು ಸಂಖ್ಯೆಯಾಗಿ ನೆನಪಿಡುತ್ತದೆ. ಅಂದು ವಾಡಿಕೆಯಲ್ಲಿದ್ದ ತಂತ್ರಾಂಶಗಳು ಇಂಗ್ಲಿಷಿಗೆ ಮತ್ತು ಯುರೋಪಿನ ಭಾಷೆಗಳಿಗೆ ಮೀಸಲಾದ ಸಂಖ್ಯೆಗಳ ಮನೆಗಳಲ್ಲಿಯೇ ಕನ್ನಡದ ಅಕ್ಷರಗಳ ತುಂಡುಗಳನ್ನು ಕೂರಿಸಿದ್ದವು. ಒಂದೊಂದು ಕಂಪನಿ ಒಂದೊಂದು ಬಗೆಯಾಗಿ ಕೂರಿಸಿತ್ತು. ಶ್ರೀಲಿಪಿಯಲ್ಲಿ ಬರೆದುದು ಆಕೃತಿಯಲ್ಲಿ ತೆರೆಯದು, ಆಕೃತಿಯದು ನುಡಿಯಲ್ಲಿ ತೆರೆಯದು. ಆಯಾ ಅಕ್ಷರಶೈಲಿ ಯಂತ್ರದಲ್ಲಿ ಇಲ್ಲದಿದ್ದರೆ ಬರಹವೆಲ್ಲ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಹಳೆಯ ನುಡಿಯಲ್ಲಿ ಬರೆದ 'ಕನ್ನಡ' ಎಂಬ ಮೂರಕ್ಷರದ ಪದದ ನಡುವೆ ಬ್ರಿಟಿಷರ ಪೌಂಡಿನ ಚಿಹ್ನೆ ಬಂದು ಕೂರುತ್ತದೆ! ಅಂತಹ ಪುಟವನ್ನು ಹುಡುಕುಯಂತ್ರವೂ ಕನ್ನಡವೆಂದು ಗುರುತಿಸದು.

ಎಲ್ಲ ಭಾಷೆಗಳಿಗೂ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಸಂಕೇತಾವಳಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಆದರೆ ಮನೆಯ ಗಣಕಗಳಿಗೆ ಅದು ಇಳಿಯಲು 2001ರಲ್ಲಿ 'ತುಂಗಾ' ಅಕ್ಷರಶೈಲಿಯೊಡನೆ ಬಂದ ವಿಂಡೋಸ್ ಎಕ್ಸ್‌ಪಿ ಕಾಯಬೇಕಾಯಿತು. ಆ ನಡುವಿನ ಹತ್ತು ವರ್ಷ, ಮತ್ತು ಹಳೆಯ ಅಭ್ಯಾಸ ಬಿಡದೆ ಸಾಗಿದ ಮುಂದಿನ ಎಷ್ಟೋ ವರ್ಷ, ಕನ್ನಡಿಗರು ಬರೆದುದು ಇಂತಹ ತಾತ್ಕಾಲಿಕ ಲಿಪಿಗಳಲ್ಲಿ.

ವಿಚಾರ ಮಾಡಿ ನೋಡಿರಿ. 12ನೆಯ ಶತಮಾನದ ಶಿಲಾಶಾಸನವನ್ನು ಅಭ್ಯಾಸವುಳ್ಳವರು ಇಂದಿಗೂ ಓದುತ್ತಾರೆ. 300 ವರ್ಷದ ಓಲೆಗರಿಗೆ ಎಣ್ಣೆ ಸವರಿ, ಮಸಿ ತುಂಬಿ ನಾವು ಓದಿದ್ದೇವೆ. 1998ರಲ್ಲಿ ನಮ್ಮವರೇ ಬರೆದ ಕನ್ನಡ ಪುಟ ಮಾತ್ರ ನಮ್ಮ ಮಕ್ಕಳ ಮುಂದೆ ಅರ್ಥವಾಗದ ಗೀರುಗಳಾಗಿ ನಿಲ್ಲುತ್ತದೆ. ಕನ್ನಡದ ಅಂತರಜಾಲ ಚರಿತ್ರೆಯನ್ನು ಬರೆಯಹೊರಟವರು ಇಂಗ್ಲಿಷಿನ ಪುಟಗಳನ್ನೇ ಆಧರಿಸಿ ಬರೆದುಬಿಡುವುದಕ್ಕೆ ಇದೂ ಒಂದು ಕಾರಣ. ಓದಲಾಗದ ಸಾಕ್ಷಿಯನ್ನು ಯಾರೂ ಕರೆಯುವುದಿಲ್ಲ. ಹಾಗೆ ನಮ್ಮವರ ದುಡಿಮೆ ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ಮನೆಗಳಲ್ಲಿ ಮಾಡಬೇಕಾದುದು

ಆ ವಿದ್ಯಾರ್ಥಿನಿಗೂ ಅವಳಂತಹ ಮಕ್ಕಳಿಗೂ ನಮ್ಮ ಸಲಹೆ ಇಷ್ಟು. ಪ್ರಬಂಧದಲ್ಲಿ ಬರೆಯುವ ಪ್ರತಿಯೊಂದು ಇಸವಿಗೂ ಕನಿಷ್ಠ ಎರಡು ಸಾಕ್ಷಿಗಳಿರಲಿ. ಅವೆರಡೂ ಒಂದೇ ಮೂಲದಿಂದ ಇಳಿದಿರಬಾರದು. ಯಾವ ತಾಣವನ್ನು ಯಾವ ದಿನ ನೋಡಿದಿರಿ ಎಂಬುದನ್ನು ಬರೆದಿಡಿರಿ. ನಾಳೆ ಆ ಪುಟ ಬದಲಾಗಬಹುದು. 'ಮೊದಲನೆಯದು' ಎಂಬ ಬಿರುದು ಕಂಡಲ್ಲೆಲ್ಲ, ಯಾವುದರಲ್ಲಿ ಮೊದಲು, ಹೇಳಿದವರು ಯಾರು ಎಂದು ಕೇಳಿರಿ. ಉಪಯುಕ್ತ ಪುಟ ಸಿಕ್ಕರೆ ವೇಬ್ಯಾಕ್ ಭಂಡಾರಕ್ಕೆ ಅದರ ವಿಳಾಸ ಕೊಟ್ಟು ಪ್ರತಿ ತೆಗೆಸಿರಿ. ಯಾರು ಬೇಕಾದರೂ ಇದನ್ನು ಉಚಿತವಾಗಿ ಮಾಡಬಹುದು.

ಹಿರಿಯರಿಗೂ ಒಂದು ಕೆಲಸವಿದೆ. ನಮ್ಮ ಎಷ್ಟೋ ಮಠಗಳ ಸ್ಮರಣ ಸಂಚಿಕೆಗಳು, ಮನೆತನಗಳ ವಂಶಾವಳಿಗಳು, ಊರ ಚರಿತ್ರೆಗಳು 1990ರ ದಶಕದಲ್ಲಿ ಗಣಕದಲ್ಲಿ ಅಚ್ಚಿಗೆ ಸಿದ್ಧವಾದವು. ಅವುಗಳ ಫ್ಲಾಪಿಗಳು, ಸಿ.ಡಿ.ಗಳು ಕಪಾಟುಗಳಲ್ಲಿ ಬಿದ್ದಿವೆ. ಫ್ಲಾಪಿಯನ್ನು ಓದುವ ಯಂತ್ರಗಳು ಈಗಾಗಲೇ ವಿರಳ, ಸಿ.ಡಿ.ಗಳಿಗೂ ಆಯುಷ್ಯದ ಮಿತಿಯಿದೆ. ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ತಿರುಗಿಸಿದ ಮೇಲೆ ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸಿ ತಿದ್ದಬೇಕು. ಒತ್ತಕ್ಷರಗಳೂ ಅರ್ಕಾವತ್ತೂ ಅನೇಕ ವೇಳೆ ಸ್ಥಾನಪಲ್ಲಟವಾಗಿರುತ್ತವೆ. ಮನೆಯ ಮಕ್ಕಳು ಯಂತ್ರವನ್ನು ನಡೆಸಲಿ, ಹಿರಿಯರು ಪಾಠವನ್ನು ತಿದ್ದಲಿ. ತಿದ್ದಿದ ಬರಹದ ಕೊನೆಯಲ್ಲಿ ಮೂಲವನ್ನು ಬರೆದವರಾರು, ಯಾವ ವರ್ಷ, ಯಾರು ಪರಿವರ್ತಿಸಿದರು ಎಂಬ ಮೂರು ಸಾಲು ತಪ್ಪದೆ ಇರಲಿ. ಓಲೆಯನ್ನು ಬರೆದವನು ಕೊನೆಯಲ್ಲಿ ತನ್ನ ಹೆಸರನ್ನೂ ಸಂವತ್ಸರವನ್ನೂ ಬರೆದು ಮುಗಿಸುತ್ತಿದ್ದನು. ಅದರಿಂದಲೇ ಇಂದು ಅವನ ಪ್ರತಿಯ ಕಾಲವನ್ನು ನಿರ್ಣಯಿಸುತ್ತೇವೆ.

ಡಾ. ಹಳಕಟ್ಟಿಯವರು ಮನೆಮನೆಯ ಅಟ್ಟವನ್ನು ಹುಡುಕಿದಾಗ ಓಲೆಗಳು ಅಲ್ಲಿ ಇನ್ನೂ ಉಳಿದಿದ್ದವು. ಯಾರೋ ಹಿರಿಯರು ಓದಲು ಬಾರದಿದ್ದರೂ ಭಕ್ತಿಯಿಂದ ಕಾಪಾಡಿದ್ದರು. ನಮ್ಮ ಕಪಾಟಿನ ಫ್ಲಾಪಿ, ಸಿ.ಡಿ.ಗಳಿಗೆ ಅಷ್ಟು ಕಾಲ ಕಾಯುವ ಶಕ್ತಿಯಿಲ್ಲ. ಬರುವ ಶ್ರಾವಣದೊಳಗಾಗಿ ಪ್ರತಿ ಮನೆಯವರೂ ತಮ್ಮ ಕಪಾಟನ್ನು ಒಮ್ಮೆ ತೆರೆದು ನೋಡಬೇಕೆಂದು ವಿನಂತಿಸುತ್ತೇವೆ. ಏನು ದೊರೆಯಿತೆಂಬುದನ್ನು ನಮಗೆ ಬರೆದು ತಿಳಿಸಿದರೆ, ಉಪಯುಕ್ತವಾದುದನ್ನು ಇದೇ ಅಂಕಣದಲ್ಲಿ ಎಲ್ಲರೊಡನೆ ಹಂಚಿಕೊಳ್ಳುತ್ತೇವೆ.